ಹೈಕೋರ್ಟು ನಂಬದ ಯಜಮಾನರು

ಕಳೆದ ತಿಂಗಳು ಬೇಲೂರಿನಿಂದ ಅರಸೀಕೆರೆಗೆ ಹೊರಟ ಬಸ್ಸಿನಲ್ಲಿ ನನಗೆ ಬಾಗಿಲ ಹತ್ತಿರದ ಸೀಟು ಸಿಕ್ಕಿತ್ತು. ಹಳೇಬೀಡಿನಲ್ಲಿ ಹತ್ತಿದವರೊಬ್ಬರು ಅರ್ಧ ತುಂಬಿದ ಗೋಣಿಚೀಲವನ್ನು ನನ್ನ ಸೀಟಿಗೆ ಒರಗಿಸಿ, "ಒಸಿ ಕಾಲು ಅಡ್ಡ ಕೊಟ್ಕಳಿ ಸಾ, ಉಳ್ಳೋಯ್ತದೆ" ಎಂದು ಹೇಳಿ ಹಿಂದಕ್ಕೆ ಹೋದರು. ಚೀಲದ ಬಾಯಿಯನ್ನು ಸಡಿಲವಾಗಿ ಕಟ್ಟಿದ್ದರು. ಜಾವಗಲ್ಲು ದಾಟುವ ಹೊತ್ತಿಗೆ ಉಂಡೆ ಕೊಬ್ಬರಿಯ ವಾಸನೆ ಸುತ್ತ ತುಂಬಿಕೊಂಡಿತು. ಎಣ್ಣೆಯ ವಾಸನೆ ಎನ್ನಲಾಗದು, ಸಿಹಿ ಎನ್ನಲೂ ಆಗದು. ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಕತ್ತಲೆಯಲ್ಲಿ ಕೂತು, ತನ್ನೊಳಗಿನ ನೀರನ್ನು ತಾನೇ ಕುಡಿದು ಒಣಗಿದಾಗ ಬರುವ ವಾಸನೆ ಅದು. ಆ ವಾಸನೆಯ ಜೊತೆಯಲ್ಲೇ ಅರಸೀಕೆರೆಯ ಒಂದು ಮಂಡಿ, ಅದರ ಗಾದಿ, ಗಾದಿಯ ಮೇಲೆ ಒಂದು ಕಾಲು ಮಡಿಸಿ ಕೂತಿರುತ್ತಿದ್ದ ಒಬ್ಬ ಮನುಷ್ಯ ನೆನಪಿಗೆ ಬಂದರು. ಅವರನ್ನು ನೋಡಿ ಬಹಳ ದಿನಗಳಾಗಿದ್ದವು...

ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಆ ಕಾಲದಲ್ಲಿ ನಾನು ಒಂದು ದಿನಪತ್ರಿಕೆಗೆ ಅರಸೀಕೆರೆ, ಬೇಲೂರು, ಹಳೇಬೀಡಿನ ಸುದ್ದಿಗಳನ್ನು ಬರೆಯುತ್ತಿದ್ದೆ. ರೈಲಿಗೂ ಬಸ್ಸಿಗೂ ನಡುವೆ ಸಿಗುತ್ತಿದ್ದ ಬಿಡುವಿನಲ್ಲಿ ಅವರ ಮಂಡಿಯಲ್ಲಿ ಕೂರುವುದು ಅಭ್ಯಾಸವಾಗಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೋಳು ಮಡಿಸಿದ ಬಿಳಿ ಅಂಗಿ, ಕಿವಿಯಲ್ಲಿ ಕೂದಲು. ಮಾತು ಕಡಿಮೆ, ಆಡಿದರೆ ಚುಚ್ಚುವ ಮಾತೇ. ನಾನು ಬಾಗಿಲಲ್ಲಿ ಕಂಡ ಕೂಡಲೇ, "ಬನ್ನಿ ಬನ್ನಿ, ನಿನ್ನೆ ಸತ್ತೋರನ್ನ ಇವತ್ತು ಮತ್ತೆ ಸಾಯಿಸೋರು" ಎಂದು ಸ್ವಾಗತಿಸುತ್ತಿದ್ದರು. ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, ಒಳಗೆ ಗಟ್ಟಿಯಿದೆಯೋ ಇಲ್ಲವೋ ಹೇಳುತ್ತಿದ್ದರು. ಬೆಳೆಗಾರರು ಅದಕ್ಕೆ ಎದುರಾಡಿದ್ದನ್ನು ನಾನು ನೋಡಿಲ್ಲ. ಗದ್ದೆಯ ಬದು, ಪಾಲು, ಮದುವೆಯ ಮಾತು ಏನೇ ಇರಲಿ, "ಯಜಮಾನ್ರು ಅಂದವ್ರೆ" ಎಂದರೆ ಅಲ್ಲಿಗೆ ಮುಗಿಯಿತು.

ಅವರ ಮೂಲ ಊರು ಹಳೇಬೀಡಿನಿಂದ ಸ್ವಲ್ಪ ಒಳಗೆ. ಊರದೇವರ ಯಜಮಾನಿಕೆ ಅವರ ಮನೆತನದ್ದು. ಊರು ಬಿಟ್ಟು ಅರಸೀಕೆರೆಯಲ್ಲಿ ಮಂಡಿ ಹಾಕಿದ ಮೇಲೂ ಆ ಯಜಮಾನಿಕೆ ಅವರಲ್ಲೇ ಉಳಿದಿತ್ತು, ಅದರ ಜೊತೆಗೆ ತಪ್ಪು ಕಾಣಿಕೆ ಮುಟ್ಟುವ ಹೊಣೆಯೂ. ಊರಿನ ಯಾವುದಾದರೂ ಮನೆಯಿಂದ ತಪ್ಪು ನಡೆದರೆ, ಆ ಮನೆಯವರು ಅರಿಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, ವೀಳ್ಯದೆಲೆಯ ಮೇಲಿಟ್ಟು ಅವರ ಮುಂದೆ ಹಾಕುತ್ತಿದ್ದರು. ಅವರು ಅದನ್ನು ಮುಟ್ಟಿ ದೇವರ ಹುಂಡಿಗೆ ಎತ್ತಿಡುತ್ತಿದ್ದರು. ಹಾಕಿದ ಮೇಲೆ ಮುಟ್ಟದೆ ಇರುವ ಹಾಗಿಲ್ಲ. ಏನು ತಪ್ಪು, ಯಾಕೆ ಎಂದು ಕೇಳುವ ಹಾಗೂ ಇಲ್ಲ. ಇವೆರಡು ಕಟ್ಟಳೆಗಳನ್ನು ಅವರೇ ನನಗೆ ಹೇಳಿದ್ದರು. ಮೂರನೆಯದೊಂದಿತ್ತು. ಅದನ್ನು ಅವರು ಹೇಳಲಿಲ್ಲ; ಊರಿನವರೆಲ್ಲರಿಗೂ ಗೊತ್ತಿದ್ದದ್ದರಿಂದ ಹೇಳಬೇಕು ಅನ್ನಿಸಿರಲಿಕ್ಕಿಲ್ಲ.

ಆ ಊರಿನಲ್ಲಿ ಒಬ್ಬ ಬೆಳೆಗಾರನನ್ನು ಯಾರೋ ಅವನ ತೆಂಗಿನ ತೋಟದಲ್ಲೇ ತಲೆಗೆ ಹೊಡೆದು ಕೊಂದಿದ್ದರು. ಪಕ್ಕದ ತೋಟದ ಅಣ್ಣತಮ್ಮಂದಿರಿಗೂ ಅವನಿಗೂ ಬೋರ್‌ವೆಲ್ ಪೈಪು ಹಾದುಹೋಗುವ ಜಾಗದ ವಿಚಾರವಾಗಿ ಮನಸ್ತಾಪವಿತ್ತು. ಕೊಲೆಗೆ ಸ್ವಲ್ಪ ದಿನ ಮೊದಲು ಹಳೇಬೀಡಿನ ಹೋಟೆಲೊಂದರಲ್ಲಿ ಆ ಇಬ್ಬರಲ್ಲಿ ತಮ್ಮನಾದವನು ಅವನ ಕೊರಳಪಟ್ಟಿ ಹಿಡಿದಿದ್ದ. ನೋಡಿದವರು ಬಹಳ ಮಂದಿ. ಕೊಲೆ ಮಾಡಿದ್ದನ್ನು ನೋಡಿದವರು ಯಾರೂ ಇರಲಿಲ್ಲ. ಶವ ಸಿಕ್ಕ ಕೆಲವು ದಿನಗಳ ನಂತರ ಅಣ್ಣ ಅರಸೀಕೆರೆಗೆ ಬಂದು, ಯಜಮಾನರ ಮುಂದೆ ಅರಿಸಿನದ ಗಂಟು ಇಟ್ಟ. "ತಪ್ಪಾಗೈತೆ ಯಜಮಾನ್ರೇ, ಹೊಟ್ಟೆಗಾಕ್ಕಳಿ" ಎಂದ. ಯಜಮಾನರು ಮುಟ್ಟಿದರು. ಅವನು ಕೈಮುಗಿದು ಎದ್ದುಹೋದ. ಇದಿಷ್ಟೂ ನಾನು ಕಂಡದ್ದಲ್ಲ; ಅವರು ಹೇಳಿದ್ದು, ಮುಂದೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದು.

ಪೊಲೀಸರು ಅವರ ಹತ್ತಿರ ಬರುವ ಹೊತ್ತಿಗೆ ವಾರಗಳು ಕಳೆದಿದ್ದವು. ಅಣ್ಣ ಮಂಡಿಗೆ ಬಂದುಹೋದದ್ದು ಹೇಗೋ ಅವರ ಕಿವಿಗೆ ಬಿದ್ದಿತ್ತು. ಕೇಳಿದರು, ಯಜಮಾನರು ನಡೆದದ್ದನ್ನು ಹೇಳಿದರು. "ಮುಚ್ಚಿಡೋಕೆ ನನ್ ಹತ್ರ ಏನೈತೆ?" ಎಂದು ನನ್ನೊಡನೆ ಅಂದಿದ್ದರು. ಅಷ್ಟರಲ್ಲಿ ಅಣ್ಣನನ್ನು ಬಂಧಿಸಿ ಆಗಿತ್ತು. ಠಾಣೆಯಲ್ಲಿ ಅವನು ಒಪ್ಪಿಕೊಂಡನೆಂದು ಸುದ್ದಿ ಹಬ್ಬಿತ್ತು. ಆದರೆ ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಹೆದರಿಸಿ ಹೇಳಿಸಿರಬಹುದು ಎಂಬ ಕಾರಣಕ್ಕೆ ಕಾನೂನು ಅದನ್ನು ಹೊರಗಿಟ್ಟಿದೆ. ಪೊಲೀಸಿನವರಲ್ಲದ ಒಬ್ಬರ ಮುಂದೆ, ತಾನಾಗಿ ಬಂದು ಹೇಳಿಕೊಂಡರೆ ಅದರ ಮಾತೇ ಬೇರೆ. ಕೇಳಿಸಿಕೊಂಡ ಮನುಷ್ಯ ನಂಬಿಕಸ್ಥನಾಗಿದ್ದರೆ ಅದರ ಮೇಲೆ ಶಿಕ್ಷೆಯನ್ನೂ ಕೊಡಬಹುದು. ಈ ಪ್ರಕರಣದಲ್ಲಿ ಕೇಳಿಸಿಕೊಂಡವರು ಯಜಮಾನರು. ಉಳಿದ ಸಾಕ್ಷ್ಯ ಎಂದರೆ ತೋಟದಲ್ಲಿ ಸಿಕ್ಕ ಒಂದು ಹಾರೆ ಮಾತ್ರ. ಅದನ್ನು ವಶಪಡಿಸಿಕೊಂಡಾಗ ಸಹಿ ಹಾಕಿದ್ದ ಪಂಚರಿಬ್ಬರೂ ಕಟಕಟೆಯಲ್ಲಿ ನಿಂತು, ತಾವು ಏನನ್ನೂ ನೋಡಿಲ್ಲ ಎಂದರು.

ಸೆಷನ್ಸ್ ಕೋರ್ಟಿನಲ್ಲಿ ಯಜಮಾನರು ಸಾಕ್ಷಿ ಹೇಳಿದ ದಿನ ನಾನು ಅಲ್ಲಿದ್ದೆ. ಇಸ್ತ್ರಿ ಮಾಡಿದ ಪಂಚೆ, ಹೆಗಲ ಮೇಲೆ ಶಲ್ಯ. ಕಟಕಟೆಯನ್ನು ಹಿಡಿದುಕೊಳ್ಳದೆ ನೇರ ನಿಂತರು. ಸರ್ಕಾರಿ ವಕೀಲರು ಸಣ್ಣ ಸಣ್ಣ ಪ್ರಶ್ನೆ ಕೇಳಿದರು. ಆರೋಪಿ ಬಂದನೇ? ಬಂದ. ಕಾಣಿಕೆ ಹಾಕಿದನೇ? ಹಾಕಿದ. ತಪ್ಪಾಗಿದೆ ಎಂದನೇ? ಎಂದ. ಆ ದಿನಗಳಲ್ಲಿ ಊರಿನಲ್ಲಿ ಕೊಲೆ ಬಿಟ್ಟು ಬೇರೆ ದೊಡ್ಡ ಘಟನೆ ಏನಾದರೂ ನಡೆದಿತ್ತೇ? ಯಜಮಾನರು ಒಂದು ಕ್ಷಣ ತಡೆದು ಏನೋ ಹೇಳಲು ಬಾಯಿ ತೆರೆದರು. "ಕೇಳಿದ್ದಕ್ಕಷ್ಟೇ ಉತ್ತರ ಹೇಳಿ" ಎಂದು ಸರ್ಕಾರಿ ವಕೀಲರು ಮೆಲ್ಲಗೆ ಅಂದರು. "ಇಲ್ಲ" ಎಂದರು ಯಜಮಾನರು.

ಆರೋಪಿಯ ಕಡೆಯ ವಕೀಲರು ಅವರನ್ನು ಸಾಕಷ್ಟು ಕೆಣಕಿದರು. ಸತ್ತವನ ಮನೆಯವರು ನಿಮ್ಮ ಮಂಡಿಗೇ ಕೊಬ್ಬರಿ ಹಾಕುವವರಲ್ಲವೇ? ಹೌದು. ಇಷ್ಟು ದಿನ ಯಾರಿಗೂ ಹೇಳದೆ ಯಾಕೆ ಸುಮ್ಮನಿದ್ದಿರಿ? ಯಾರೂ ಕೇಳಲಿಲ್ಲ. ಆರೋಪಿ ನಿಮ್ಮ ಮಂಡಿಗೆ ಬಂದೇ ಇಲ್ಲ, ಕಾಣಿಕೆ ಹಾಕಿಯೇ ಇಲ್ಲ, ಇದೆಲ್ಲ ನಿಮ್ಮ ಸೃಷ್ಟಿ ಎಂದು ನಾನು ಹೇಳುತ್ತೇನೆ. ಯಜಮಾನರ ಮುಖ ಕೆಂಪಾಯಿತು. "ನಾನು ಸುಳ್ಳು ಹೇಳಿದ್ದನ್ನ ಯಾರಾದ್ರೂ ನೋಡಿದ್ರೆ ಕರ್ಕಬನ್ನಿ" ಎಂದರು. ಕಾಣಿಕೆಯ ಪದ್ಧತಿ ಏನು ಎಂದು ಆ ವಕೀಲರು ಕೇಳಲಿಲ್ಲ. ಕೇಳಲು ಅವರಿಗೆ ಆಗುತ್ತಲೂ ಇರಲಿಲ್ಲ. ಕಾಣಿಕೆಯನ್ನೇ ಹಾಕಿಲ್ಲ ಎನ್ನುವುದು ಅವರ ವಾದವಾಗಿತ್ತು. ಆರೋಪಿಯೂ ತನ್ನ ಹೇಳಿಕೆಯಲ್ಲಿ ಎಲ್ಲವೂ ಸುಳ್ಳು ಎಂದ. ಹಾಗೆ ಹೇಳುವಾಗ ಅವನು ಯಜಮಾನರು ಕೂತಿದ್ದ ಕಡೆ ನೋಡಲಿಲ್ಲ.

ಜೀವಾವಧಿ ಶಿಕ್ಷೆಯಾಯಿತು. ಈ ಸಾಕ್ಷಿಗೆ ಸುಳ್ಳು ಹೇಳುವ ಯಾವ ಕಾರಣವೂ ಕಾಣುವುದಿಲ್ಲ, ಸಮಾಜದಲ್ಲಿ ಗೌರವ ಉಳ್ಳವರು, ಇವರ ಮಾತನ್ನು ಪೂರ್ಣವಾಗಿ ನಂಬಬಹುದು ಎಂದು ತೀರ್ಪಿನಲ್ಲಿತ್ತು. ಆ ಸಾಲನ್ನು ನಾನು ವರದಿಯಲ್ಲಿ ಹಾಕಿದ್ದೆ. ಮುಂದಿನ ಸಲ ಮಂಡಿಗೆ ಹೋದಾಗ ಆ ತುಂಡು ಪೇಪರು ಅವರ ಮೇಜಿನ ಗಾಜಿನ ಕೆಳಗೆ, ಮಠದ ಹಿರಿಯ ಸ್ವಾಮಿಗಳ ಫೋಟೋದ ಪಕ್ಕದಲ್ಲಿತ್ತು. ನಾನು ಅದನ್ನು ನೋಡಿದ್ದು ಅವರಿಗೆ ತಿಳಿಯಿತು. "ಮೊಮ್ಮಗ ಇಟ್ಟವ್ನೆ" ಎಂದರು. ಅವರ ಮೊಮ್ಮಗನಿಗೆ ಆಗಿನ್ನೂ ಓದಲು ಬರುತ್ತಿರಲಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಮಂಡಿಯಲ್ಲಿ ಕೂತಿದ್ದಾಗಲೇ ಆ ಅಣ್ಣನ ಹೆಂಡತಿ ಬಂದಳು. ಕೈಯಲ್ಲಿ ಬಸ್ಸಿನ ಟಿಕೆಟು ಹಾಗೇ ಇತ್ತು. ಮೆಟ್ಟಿಲು ಹತ್ತಲಿಲ್ಲ, ಬೀದಿಯಲ್ಲೇ ನಿಂತಳು. ಯಜಮಾನರು "ಬಾರವ್ವ, ಒಳಗ್ ಬಾ" ಎಂದರೂ ಬರಲಿಲ್ಲ. ಕೂಗಾಡುವುದಿಲ್ಲ ಎಂದು ತೀರ್ಮಾನಿಸಿಕೊಂಡು ಬಂದವಳ ಹಾಗೆ ಕಂಡಳು.

"ಯಜಮಾನ್ರೇ, ಒಂದ್ ಮಾತು ಕೇಳ್ತೀನಿ. ಈ ಕೇಸ್‌ಗೆ ಮುಂಚೆ ನಮ್ಮೆಮ್ಮೆ ಪಟೇಲ್ರ ಜ್ವಾಳ ಮೇಯ್ತಲ್ಲ, ಅವಾಗ ನಿಮ್ ಮುಂದೆ ಕಾಣ್ಕೆ ಹಾಕ್ದೋರು ಯಾರು?"

"ನಿನ್ ಗಂಡ."

"ಜ್ವಾಳ ಮೇಯ್ದಿದ್ದು ನನ್ ಗಂಡಾನಾ?"

ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಹೆಂಗಸೊಬ್ಬಳು ಫಕ್ಕನೆ ನಕ್ಕು ಕೂಡಲೇ ಬಾಯಿ ಮುಚ್ಚಿಕೊಂಡಳು.

"ಮನೇಲಿ ಯಾರ್ ತಪ್ ಮಾಡುದ್ರೂ ದೊಡ್ಡೋರೇ ಅಲ್ವಾ ಹಾಕೋದು? ಮೈದ ಹೋಟ್ಲಲ್ಲಿ ಕೊಳ್ಳಪಟ್ಟಿ ಹಿಡುದ್ನಲ್ಲ, ಆ ಜಗಳ ಸತ್ತೋನ್ ಜತೆ ಹಂಗೇ ಉಳ್ಕಂಬುಡ್ತು, ಮನೆಗೊಳ್ಳೇದಾಗಲ್ಲ ಅಂತ ನಮ್ಮೋರು ಬಂದು ಹಾಕುದ್ರು. ನಿಮ್ಗೆ ಗೊತ್ತಿರ್ಲಿಲ್ವಾ? ನಿಮ್ಗೆ ಗೊತ್ತಿರ್ಲಿಲ್ವಾ ಯಜಮಾನ್ರೇ?"

ಅವಳು ಹೋದಳು. ಮೂರನೆಯ ಕಟ್ಟಳೆ ನನಗೆ ತಿಳಿದದ್ದು ಹೀಗೆ: ತಪ್ಪು ಮನೆಯಲ್ಲಿ ಯಾರದೇ ಇರಲಿ, ಕಾಣಿಕೆ ಹಾಕುವವನು ಮನೆಯ ಹಿರಿಯ. ಹಾಗಾಗಿ ಕಾಣಿಕೆ ಹಾಕಿದವನು ಯಾರು ಎಂಬುದರಿಂದ ತಪ್ಪು ಮಾಡಿದವನು ಯಾರು ಎಂದು ತಿಳಿಯುವುದಿಲ್ಲ. ಆ ಊರಿನ ಮಗುವಿಗೂ ಗೊತ್ತಿದ್ದ ವಿಷಯ. ಕೋರ್ಟಿನ ಕಾಗದಗಳಲ್ಲಿ ಮಾತ್ರ ಎಲ್ಲಿಯೂ ಇರಲಿಲ್ಲ.

ಯಜಮಾನರು ಬಹಳ ಹೊತ್ತು ಒಂದು ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಕುಲುಕಲಿಲ್ಲ. ಆಮೇಲೆ, "ಹೇಳೋಣ ಅಂತ ಬಾಯಿಗೆ ಬಂದಿತ್ತು ಕಣ್ರೀ" ಎಂದರು. ನನಗೆ ಆ ಕ್ಷಣ ನೆನಪಿತ್ತು. "ಕೇಳಿದ್ದಕ್ಕಷ್ಟೇ ಹೇಳಿ ಅಂದ್ರು. ಸರಿ ಅಂತ ಸುಮ್ಗಾದೆ. ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ. ಆಮೇಲೆ ಆ ವಕೀಲ ನನ್ನ ಸುಳ್ಳ ಅಂದ್ನಲ್ಲ... ಅವಾಗ ನಂಗೆ ಗೆಲ್ಬೇಕು ಅನ್ನಿಸ್ಬುಡ್ತು." ಕೈಯಲ್ಲಿದ್ದ ಕೊಬ್ಬರಿಯನ್ನು ರಾಶಿಗೆ ಹಾಕಿ, "ಒಬ್ಬನ್ ಜೀವ ಅಲ್ಲಿ ಕೂತೈತೆ, ನಾನು ನನ್ ಮಾತು ಗೆಲ್ಲಿಸ್ತಿದೀನಿ" ಎಂದರು. ಮೇಜಿನ ಗಾಜನ್ನು ಎತ್ತಿ ಆ ಪೇಪರಿನ ತುಂಡನ್ನು ತೆಗೆದರು. ಹರಿಯಲಿಲ್ಲ. ಎಲ್ಲಿ ಇಡುವುದೆಂದು ತಿಳಿಯದೆ ಅಂಗಿಯ ಜೇಬಿಗೆ ಹಾಕಿಕೊಂಡರು.

ಹೈಕೋರ್ಟಿಗೆ ಮೇಲ್ಮನವಿ ಹೋಗಿತ್ತು. ನಾನು ಕೋರ್ಟು ಸುತ್ತುವವನೆಂದು ಅವರು ನನ್ನನ್ನೇ ಕೇಳಿದರು: ಅಲ್ಲಿಗೆ ಹೋಗಿ ಇನ್ನೊಂದು ಸಲ ಸಾಕ್ಷಿ ಹೇಳಬಹುದೇ? ನನಗೆ ತಿಳಿದದ್ದನ್ನು ಹೇಳಿದೆ. ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿ ಇಲ್ಲ. ಕೆಳಗಿನ ಕೋರ್ಟಿನಲ್ಲಿ ಬರೆದುಕೊಂಡದ್ದನ್ನೇ ಮತ್ತೆ ಓದಿ ಅಳೆಯುತ್ತಾರೆ. ಹೆಚ್ಚಿನ ಸಾಕ್ಷ್ಯ ಪಡೆಯುವ ಅಧಿಕಾರ ಅವರಿಗಿದೆಯಾದರೂ ಅದನ್ನು ಬಳಸುವುದು ಅಪರೂಪ. ಅವರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಮೇಲ್ಮನವಿಯ ಕೆಲಸ ನೋಡಿಕೊಳ್ಳುತ್ತಿದ್ದ ಬೇಲೂರಿನ ವಕೀಲರ ಹತ್ತಿರ ಇಬ್ಬರೂ ಹೋದೆವು. ವಕೀಲರು ಯಜಮಾನರನ್ನು ನೋಡಿ ಗಾಬರಿಯಾಗಿ ಬಾಗಿಲು ಮುಂದಕ್ಕೆ ಮಾಡಿದರು.

"ನೀವು ಪ್ರಾಸಿಕ್ಯೂಷನ್ ಸಾಕ್ಷಿ. ನಮ್ಮ ಆಫೀಸಿಗೆ ಬಂದಿದ್ದು ಗೊತ್ತಾದ್ರೆ ದುಡ್ಡು ತಿಂದು ತಿರುಗಿಬಿದ್ರು ಅಂತಾರೆ. ನಾನು ನಿಮ್ಮ ಹತ್ರ ಕೇಸಿನ ಮಾತಾಡೋ ಹಾಗೂ ಇಲ್ಲ."

ಯಜಮಾನರು ನಿಂತುಕೊಂಡೇ ಮೂರನೆಯ ಕಟ್ಟಳೆಯನ್ನು ವಿವರಿಸಿದರು. ವಕೀಲರು ಮೇಜಿನ ಮೇಲಿನ ಫೈಲು ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಫೈಲಿಗೇ ಹೇಳುವವರಂತೆ ಹೇಳಿದರು. "ಹಾಕೇ ಇಲ್ಲ ಅಂತ ಆರೋಪಿ ಹೇಳಿಯಾಗಿದೆ. ಈಗ ಪದ್ಧತಿ ಹಿಂಗೆ ಅಂತ ವಿವರಿಸೋಕೆ ಹೋದ್ರೆ, ಹಾಕಿದ್ದು ನಿಜ ಅಂತ ನಾವೇ ಒಪ್ಪಿಕೊಂಡ ಹಾಗೆ. ಹಾಕಿದ್ದು ನಿಜ, ಮೊದ್ಲು ಸುಳ್ಳು ಹೇಳಿದ, ಅಂದ್ಮೇಲೆ ಕೊಲೆನೂ ನಿಜ ಅಂತಾರೆ. ಅವನಿಗೆ ಇರೋದು ಒಂದೇ ದಾರಿ. ಆ ಸಾಕ್ಷಿ ನಂಬಿಕೆಗೆ ಅರ್ಹ ಅಲ್ಲ ಅನ್ನೋದು."

"ಅಂದ್ರೆ ನಾನು?"

ವಕೀಲರು ತಲೆಯೆತ್ತಲಿಲ್ಲ. ಯಜಮಾನರು "ಚೆನ್ನಾಗಿ ವಾದ ಮಾಡಕ್ ಹೇಳಿ. ಬಾಯ್ತುಂಬ ಬೈಯ್ಯಕ್ ಹೇಳಿ" ಎಂದು ಹೊರಬಂದರು. ದೇವಸ್ಥಾನದ ಬೀದಿಯಲ್ಲಿ ಆಟೋಗೆ ಕೈ ಮಾಡುತ್ತಾ, "ನಿಜ ಹೇಳಕ್ಕೆ ಬಂದೋನ್ನ ವಾಪಸ್ ಕಳ್ಸುದ್ರಲ್ಲ ಕಣ್ರೀ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮೇಲ್ಮನವಿ ವಿಚಾರಣೆಗೆ ಬರುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಅಣ್ಣ ಜೈಲಿನಲ್ಲಿದ್ದ. ಅವನ ತೋಟಕ್ಕೆ ನೀರು ಬಿಡುವವರಿಲ್ಲ, ಅವನ ತಮ್ಮನೂ ಊರು ಬಿಟ್ಟು ಎಲ್ಲಿಗೋ ಹೋದ ಎಂಬ ಸುದ್ದಿ ಆಗಾಗ ಮಂಡಿಗೆ ಬರುತ್ತಿತ್ತು. ಅಂಥ ಸುದ್ದಿ ಬಂದ ದಿನ ಯಜಮಾನರು ಹರಾಜಿನಲ್ಲಿ ಸರಿಯಾಗಿ ಕೂಗುತ್ತಿರಲಿಲ್ಲ ಎಂದು ಅವರ ಮಗ ನನಗೆ ಹೇಳಿದ್ದ. ವಿಚಾರಣೆಯ ದಿನ ಗೊತ್ತಾದಾಗ ತಾವೂ ಬೆಂಗಳೂರಿಗೆ ಬರುತ್ತೇನೆಂದರು. ರೈಲಿನಲ್ಲಿ ಇಡೀ ದಾರಿ ಅವರು ಆಡಿದ್ದು, ತಿಪಟೂರಿನಲ್ಲಿ ಕಾಫಿ ಚೆನ್ನಾಗಿಲ್ಲ ಎಂಬ ಒಂದೇ ಮಾತು.

ಕೋರ್ಟು ಹಾಲಿನ ಕೊನೆಯ ಬೆಂಚಿನಲ್ಲಿ ಕೂತೆವು. ವಾದ ಇಂಗ್ಲಿಷಿನಲ್ಲಿ ನಡೆಯಿತು. ನಾನು ಅವರ ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಈ ಸಾಕ್ಷಿ ಸತ್ತವನ ಮನೆಯವರೊಡನೆ ವ್ಯಾಪಾರ ಇಟ್ಟುಕೊಂಡವನು, ಎಂದು ಆರೋಪಿಯ ವಕೀಲರು ಹೇಳುತ್ತಿದ್ದಾರೆ. ವಾರಗಟ್ಟಲೆ ಬಾಯಿ ಬಿಡದೆ, ಪೊಲೀಸರು ಕೇಳಿದ ಮೇಲೆ ಕಥೆ ಕಟ್ಟಿದವನು, ಎನ್ನುತ್ತಿದ್ದಾರೆ. ನೆಂಟನಲ್ಲ, ಸ್ನೇಹಿತನಲ್ಲ, ಕೊಲೆ ಮಾಡಿದವನು ಇಂಥವನ ಹತ್ತಿರ ಯಾಕೆ ಹೋಗಿ ಹೇಳಿಕೊಳ್ಳುತ್ತಾನೆ, ಎಂದು ಕೇಳುತ್ತಿದ್ದಾರೆ. ಯಜಮಾನರು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು, ಕೊಬ್ಬರಿಯ ದರ ಒಪ್ಪುವವರ ಹಾಗೆ. ನಾನು ಒಂದೆರಡು ಮಾತುಗಳನ್ನು ಮೆತ್ತಗೆ ಮಾಡಿ ಹೇಳಲು ನೋಡಿದೆ. "ಪೂರ್ತಿ ಹೇಳ್ರೀ" ಎಂದರು.

ಆಗ ನ್ಯಾಯಮೂರ್ತಿಗಳಲ್ಲಿ ಒಬ್ಬರು ಕನ್ನಡದಲ್ಲೇ ಕೇಳಿದರು: "ಈ ತಪ್ಪು ಕಾಣಿಕೆ ಅಂದ್ರೆ ಏನು? ದಂಡವೇ?" ಸರ್ಕಾರಿ ವಕೀಲರು, ತಪ್ಪು ಒಪ್ಪಿಕೊಂಡದ್ದರ ಗುರುತು ಎಂದರು. ಆರೋಪಿಯ ಪರ ವಕೀಲರು, ಅಂಥದ್ದು ನಡೆದೇ ಇಲ್ಲದ್ದರಿಂದ ಆ ಪ್ರಶ್ನೆ ಹುಟ್ಟುವುದಿಲ್ಲ ಎಂದರು. ಆ ಹಾಲಿನಲ್ಲಿ ಸರಿಯಾದ ಉತ್ತರ ಗೊತ್ತಿದ್ದವರು ಒಬ್ಬರೇ. ಮುಂದಿನ ಬೆಂಚನ್ನು ಹಿಡಿದು ಅವರು ಅರ್ಧ ಎದ್ದರು. ಬಾಗಿಲಲ್ಲಿದ್ದ ಜವಾನ ಇತ್ತ ನೋಡಿದ. ನಾನು ಅವರನ್ನು ತಡೆಯಲಿಲ್ಲ. ತಡೆಯಬೇಕೋ ಬೇಡವೋ ತಿಳಿಯಲಿಲ್ಲ. ಅವರು ಹಾಗೇ ಕೆಲವು ಕ್ಷಣ ನಿಂತಿದ್ದು, ಬೆಂಚಿನಿಂದ ಒಂದೊಂದೇ ಬೆರಳು ಬಿಡಿಸಿಕೊಂಡು ಕೂತರು. ನ್ಯಾಯಮೂರ್ತಿಗಳು ಪುಟ ತಿರುಗಿಸಿದರು.

ಹೊರಗೆ ಬಂದ ಮೇಲೆ ಅವರು ಹೇಳಿದ್ದನ್ನು ಮಾತಿಗೆ ಮಾತು ಬರೆದುಕೊಳ್ಳಬೇಕಾಗಿತ್ತು, ಬರೆದುಕೊಳ್ಳಲಿಲ್ಲ. ನೆನಪಿರುವುದು ಇಷ್ಟು. "ಅವನು ಮಾಡಿಲ್ಲ ಅಂತ ನಂಗೇನ್ ಗೊತ್ತು? ಮಾಡವ್ನೆ ಅಂತಾನೂ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಹೇಳಿದ್ದಿದ್ರೆ ಮುಗೀತಿತ್ತು. ಎಲ್ಲಾನೂ ಕೇಳುದ್ರು, ಗೊತ್ತೈತಾ ಅಂತ ಒಬ್ರೂ ಕೇಳ್ಲಿಲ್ಲ... ನಾನಾದ್ರೂ ಹೇಳ್ಬೇಕಿತ್ತು."

ತೀರ್ಪು ಬಂತು. ಆರೋಪಿ ಬಿಡುಗಡೆ. ನ್ಯಾಯಾಲಯದ ಹೊರಗೆ ಮಾಡಿಕೊಂಡ ತಪ್ಪೊಪ್ಪಿಗೆ ಸ್ವಭಾವತಃ ದುರ್ಬಲ ಸಾಕ್ಷ್ಯ, ಅದನ್ನು ಹೇಳುವ ವ್ಯಕ್ತಿ ಸಂಪೂರ್ಣ ವಿಶ್ವಾಸಾರ್ಹನಾಗಿರಬೇಕು, ಈ ಸಾಕ್ಷಿ ವಿಶ್ವಾಸ ಮೂಡಿಸುವುದಿಲ್ಲ ಎಂದು ಅದರಲ್ಲಿತ್ತು. ಸುದ್ದಿ ಬರೆದದ್ದು ನಾನೇ. 'ಸಾಕ್ಷಿ ನಂಬಲರ್ಹನಲ್ಲ: ಹೈಕೋರ್ಟ್' ಎಂದು ಡೆಸ್ಕಿನವರು ಶೀರ್ಷಿಕೆ ಕೊಟ್ಟರು. ತಪ್ಪೇನೂ ಇರಲಿಲ್ಲ, ತೀರ್ಪಿನಲ್ಲಿ ಇದ್ದದ್ದೇ. ಪ್ರಕಟವಾದ ದಿನ ನಾನು ಅರಸೀಕೆರೆಯ ಕಡೆ ಹೋಗಲಿಲ್ಲ.

ಹೋದಾಗ ಮಂಡಿಯಲ್ಲಿ ತೂಕ ನಡೆಯುತ್ತಿತ್ತು. ಬೆಳೆಗಾರನೊಬ್ಬ ಎಲ್ಲರಿಗೂ ಕೇಳುವ ಹಾಗೆ, "ಯಜಮಾನ್ರೇ, ಇನ್ನೊಂದ್ ದಪ ತೂಕಕ್ ಹಾಕ್ಬುಡಿ. ಹೈಕೋರ್ಟೇ ನಂಬಾಕಿಲ್ಲ ಅಂದದೆ, ನಾವ್ ಹೆಂಗ್ ನಂಬಾನ" ಎಂದ. ಸುತ್ತ ಇದ್ದವರು ನಕ್ಕರು. ಮೊದಲಾಗಿದ್ದರೆ ಆ ಮಾತು ಅಲ್ಲಿ ಹುಟ್ಟುತ್ತಲೇ ಇರಲಿಲ್ಲ. ಯಜಮಾನರೂ ನಕ್ಕು, "ಹಾಕ್ರಪ್ಪ, ಹಾಕಿ. ಕೋರ್ಟು ಅಂದ್ಮೇಲೆ ಹಾಕ್ಲೇಬೇಕು" ಎಂದು ಚೀಲವನ್ನು ಮತ್ತೆ ಏರಿಸಿದರು. ಮಗನ ಮುಖದಲ್ಲಿ ನಗು ಇರಲಿಲ್ಲ. ಆ ವರ್ಷವೇ ಊರಿನವರು ಯಜಮಾನಿಕೆಯನ್ನು ಅವರ ದಾಯಾದಿಗಳ ಮನೆಗೆ ಕೊಟ್ಟರು. ಅವರು ಎದುರಾಡಲಿಲ್ಲ.

ಬಿಡುಗಡೆಯಾಗಿ ಬಂದವನ ಮನೆಗೆ ಅವರು ಒಮ್ಮೆ ಹೋಗಿದ್ದರು. ಏನಾಯಿತೆಂದು ಕೇಳಿದೆ. "ಜಗ್ಲಿ ಮೇಲೆ ಕೂರ್ಸುದ್ರು. ಮಜ್ಜಿಗೆ ಕೊಟ್ರು. ಮಳೆ ವಿಚಾರ ಮಾತಾಡ್ದ. ಬೈದಿದ್ರೆ ಚೆನ್ನಾಗಿತ್ತು" ಎಂದರು. ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರಂತೆ. ಹಾಕದೆ ವಾಪಸು ತಂದರು. "ಹಾಕುದ್ರೆ ಅವನು ಮುಟ್ಲೇಬೇಕಲ್ರೀ. ಯಾಕೆ ಅಂತ ಕೇಳಂಗೂ ಇಲ್ಲ. ಅಂಥ ಬಲವಂತ ಅವನ್ ಮೇಲೆ ಇನ್ನೊಂದಾ?"

ಸತ್ತವನ ಹೆಂಡತಿಯೂ ಮಂಡಿಗೆ ಬಂದಿದ್ದಳು. ಅದನ್ನು ಮಗ ಹೇಳಿದ. ತನ್ನ ಲೆಕ್ಕ ಚುಕ್ತ ಮಾಡಿಸಿಕೊಂಡು, ಹೊರಡುವಾಗ, "ಹಂಗಾರೆ ನನ್ ಗಂಡನ್ನ ಯಾರೂ ಹೊಡೀಲಿಲ್ವಾ?" ಎಂದು ಕೇಳಿದಳಂತೆ. ಯಜಮಾನರು ಗಾದಿಯಿಂದ ಎದ್ದು ನಿಂತು, "ನಂಗೆ ಗೊತ್ತಿಲ್ಲ ತಾಯಿ" ಎಂದರಂತೆ. ಆಕೆ ಆಮೇಲೆ ಬೇರೆ ಮಂಡಿಗೆ ಕೊಬ್ಬರಿ ಹಾಕತೊಡಗಿದಳು. ಆ ಕೊಲೆಯ ತನಿಖೆಯನ್ನು ಯಾರೂ ಮತ್ತೆ ತೆರೆಯಲಿಲ್ಲ. ತಮ್ಮ ಎಲ್ಲಿದ್ದಾನೆಂದು ವಿಚಾರಿಸಿದವರೂ ಇಲ್ಲ. ನಾನು ಪತ್ರಿಕೆಯ ಬೇರೆ ಆವೃತ್ತಿಗೆ ವರ್ಗವಾದೆ. ಹೋಗುವುದು ಕಡಿಮೆಯಾಯಿತು, ಆಮೇಲೆ ಫೋನೂ ಕಡಿಮೆಯಾಯಿತು...

ಅವತ್ತು ಬಸ್ಸು ಅರಸೀಕೆರೆ ಮುಟ್ಟಿದಾಗ ಬೇರೆ ಕೆಲಸವಿದ್ದರೂ ಮಂಡಿಯ ಕಡೆಗೇ ನಡೆದೆ. ಶಟರು ಅರ್ಧ ಇಳಿದಿತ್ತು. ಅದರ ಮೇಲೆ ಫ್ಲೆಕ್ಸು. ವಿಭೂತಿಯ ಹಣೆ, ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿದ ಮುಖ, ಕೆಳಗೆ 'ಶಿವೈಕ್ಯ' ಎಂಬ ಪದ. ನಾಲ್ಕು ದಿನ ತಡವಾಗಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸುವಷ್ಟು ಹತ್ತಿರದಲ್ಲಿ ನಾನೂ ಉಳಿದಿರಲಿಲ್ಲ.

ಶಿವಗಣಾರಾಧನೆಗೆ ಹೋದೆ. ಕಲ್ಯಾಣ ಮಂಟಪದಲ್ಲಿ ಊಟದ ಸಾಲು ದೊಡ್ಡದಿತ್ತು. ಬಿಡುಗಡೆಯಾದ ಅಣ್ಣ ಹೆಂಡತಿಯ ಜೊತೆ ಬಂದು ಸಾಲಿನ ಆ ತುದಿಯಲ್ಲಿ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈ ತುದಿಯಲ್ಲಿ, ನನ್ನ ಪಕ್ಕದ ಎಲೆಗೆ, ತೋಟದಲ್ಲಿ ಕೊಲೆಯಾದವನ ಹೆಂಡತಿ ಬಂದು ಕೂತರು. ಮಂಡಿ ಬಿಟ್ಟ ಮೇಲೆ ಆಕೆ ಯಜಮಾನರ ಮನೆಯವರ ಮುಖ ನೋಡಿದ್ದು ಅದೇ ಮೊದಲು ಎಂದು ಬಡಿಸುವವರು ಅಂದರು. ಪಲ್ಯ ಬಂತು, ಕೋಸಂಬರಿ ಬಂತು. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

"ನೀವು ಪೇಪರ್ನೋರಲ್ವಾ?"

ಹೌದೆಂದೆ.

"ಯಜಮಾನ್ರು ಏನಂದ್ರು ಅಂತ ಬರುದ್ರಿ. ಆ ಕೋರ್ಟು ಏನಂತು, ಈ ಕೋರ್ಟು ಏನಂತು ಅಂತ ಬರುದ್ರಿ. ಎಲ್ಲಾ ಕಟ್ ಮಾಡಿ ಇಟ್ಟಿವ್ನಿ. ನನ್ ಗಂಡನ್ನ ಯಾರು ಹೊಡುದ್ರು ಅನ್ನೋದು ಒಂದ್ರಲ್ಲೂ ಇಲ್ವಲ್ಲ."

ಅದು ದೂರು ಹೇಳುವ ದನಿಯಾಗಿರಲಿಲ್ಲ. ಬಡಿಸುವವರು ಅನ್ನದ ತಟ್ಟೆ ಹಿಡಿದು ಬಂದು ನಿಂತಿದ್ದರು. ಈ ಕೇಸಿನಲ್ಲಿ ಆಕೆಗೆ ನೇರವಾಗಿ ಉತ್ತರ ಕೊಟ್ಟಿದ್ದ ಒಬ್ಬರೇ ಒಬ್ಬರು, ಎದುರಿನ ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಫೋಟೋದಲ್ಲಿದ್ದರು. "ವಿಚಾರಿಸ್ತೀನಮ್ಮ" ಎಂದೆ. ಆಕೆ ಸರಿ ಎನ್ನುವಂತೆ ತಲೆಯಾಡಿಸಿ ಎಲೆಯ ಕಡೆಗೆ ತಿರುಗಿದರು. ಆ ಮಾತಿಗೆ ಅರ್ಥವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.